ಪಂಡಿತಾ ರಮಾಬಾಯಿಯವರ ಎರಡನೆಯ ಹುಟ್ಟು

‘ದ್ವಿಜ’ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಹಲ್ಲು, ಬ್ರಾಹ್ಮಣ, ಹಕ್ಕಿ ಎಂದು ಮೂರು ಅರ್ಥಗಳನ್ನು ಹೇಳಿದೆ. ಹಾಲುಹಲ್ಲು ಬಿದ್ದು ಮತ್ತೆ ಹುಟ್ಟುವುದರಿಂದ ಹಲ್ಲು ದ್ವಿಜ. ಮೊದಲು ಮೊಟ್ಟೆಯಾಗಿ, ಆಮೇಲೆ ಅದನ್ನೊಡೆದು ಮರಿಯಾಗಿ ಹುಟ್ಟುವುದರಿಂದ ಹಕ್ಕಿ ದ್ವಿಜ. ಉಪನಯನದಿಂದ ಎರಡನೆಯ ಜನ್ಮವನ್ನು ಪಡೆಯುವುದರಿಂದ ವಟುವೂ ದ್ವಿಜ. ಇದಕ್ಕೆ ಹತ್ತಿರವಾದ ಮಾತೊಂದು ಕ್ರೈಸ್ತರ ಧರ್ಮಗ್ರಂಥದಲ್ಲಿಯೂ ಇದೆ. ನಿಕೊದೇಮನೆಂಬ ಶಾಸ್ತ್ರಜ್ಞನೊಬ್ಬನು ರಾತ್ರಿಯ ಹೊತ್ತಿನಲ್ಲಿ ಯೇಸುವನ್ನು ಕಾಣಲು ಬಂದನೆಂದೂ, ಮನುಷ್ಯನು ಹೊಸದಾಗಿ ಹುಟ್ಟಿದ ಹೊರತು ದೇವರ ರಾಜ್ಯವನ್ನು ಕಾಣಲಾರನೆಂದು ಯೇಸು ಅವನಿಗೆ ತಿಳಿಸಿದನೆಂದೂ ಯೋಹಾನನ ಸುವಾರ್ತೆ ಹೇಳುತ್ತದೆ. ಮುದುಕನಾದವನು ಮತ್ತೆ ಹುಟ್ಟುವುದು ಹೇಗೆಂದು ಆ ಶಾಸ್ತ್ರಜ್ಞನು ಬೆರಗಾದನಂತೆ.

ಓದುಗರೇ, ಈ ಬೆರಗು ನಿಕೊದೇಮನದು ಮಾತ್ರವಲ್ಲ. ಗ್ರಂಥಗಳನ್ನು ಓದಿದ್ದೇವೆ, ವ್ರತನಿಯಮಗಳನ್ನು ನಡೆಸಿದ್ದೇವೆ, ಆದರೂ ಒಳಗೆ ಏನೋ ಬತ್ತಿಹೋದಂತಿದೆ ಎಂಬ ಕಳವಳ ಎಲ್ಲ ಮತಗಳ ಶ್ರದ್ಧಾವಂತರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆ ಕಳವಳವನ್ನು ಮುಚ್ಚಿಡದೆ, ಅದರ ಉತ್ತರವನ್ನು ಹುಡುಕಿಕೊಂಡು ಬಹು ದೂರ ನಡೆದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆಕೆ ಹುಟ್ಟಿದ್ದು ನಮ್ಮ ನಾಡಿನ ಮಣ್ಣಿನಲ್ಲಿ. ಹೆಸರು ಪಂಡಿತಾ ರಮಾಬಾಯಿ.

ಪಶ್ಚಿಮ ಘಟ್ಟದಲ್ಲಿ ಗಂಗಾಮೂಲವೆಂಬ ಸ್ಥಳವಿದೆ. ತುಂಗೆ, ಭದ್ರೆ, ನೇತ್ರಾವತಿ ಈ ಮೂರೂ ನದಿಗಳ ಉಗಮ ಅಲ್ಲಿಯೇ. ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರಾದ ಅನಂತಶಾಸ್ತ್ರಿ ಡೋಂಗ್ರೆಯವರು ಆ ದಟ್ಟ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಅವರು ಎಳೆಯ ವಯಸ್ಸಿನಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ವಿದ್ವಾಂಸರಲ್ಲಿ ಓದಿದವರು. ಆ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಶಿಷ್ಯರು ಕಂಡಿದ್ದರು. ಹೆಂಗಸರಿಗೂ ದೇವಭಾಷೆ ಬರಬಹುದು, ಬರಬೇಕು ಎಂಬ ಹಂಬಲ ಅಂದೇ ಅವರಲ್ಲಿ ಬೇರೂರಿತು. ಮುಂದೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಅವರೇ ಸಂಸ್ಕೃತ ಕಲಿಸಿದರು. ಇದು ಊರಿನವರಿಗೆ ಸಹಿಸಲಿಲ್ಲ. ಮಾತು ಉಡುಪಿಯವರೆಗೆ ಹೋಯಿತು. ವಿದ್ವತ್ಸಭೆಯ ಮುಂದೆ ಶಾಸ್ತ್ರಿಗಳು ನಿಂತು, ಸ್ತ್ರೀಯರು ಸಂಸ್ಕೃತವನ್ನೂ ಪುರಾಣಗಳನ್ನೂ ಓದುವುದು ಶಾಸ್ತ್ರವಿರುದ್ಧವಲ್ಲವೆಂದು ಗ್ರಂಥಗಳ ಆಧಾರ ಕೊಟ್ಟು ವಾದಿಸಿ ಬಂದರು.

ಇಂಥ ದಂಪತಿಗಳಿಗೆ 1858ನೆಯ ಏಪ್ರಿಲ್ 23ರಂದು ಹುಟ್ಟಿದ ಮಗಳೇ ರಮಾ. ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು, ಸಾಲ ಬೆಳೆಯಿತು. ಕೂಸಿಗೆ ಆರು ತಿಂಗಳಾದಾಗ ಮನೆಮಂದಿಯೆಲ್ಲ ಆಶ್ರಮ ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ತನ್ನನ್ನು ಬೆಟ್ಟದಿಂದ ಕೆಳಗಿಳಿಸಿದರೆಂದು ರಮಾಬಾಯಿಯವರು ಮುಂದೆ ಬರೆದುಕೊಂಡಿದ್ದಾರೆ. ಅಂದು ಮೊದಲಾದ ಅಲೆದಾಟ ಇಪ್ಪತ್ತು ವರ್ಷ ನಿಲ್ಲಲಿಲ್ಲ. ದೇವಸ್ಥಾನಗಳ ಜಗಲಿಯಲ್ಲಿ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಲ್ಲಿ ಹೊಟ್ಟೆ ಹೊರೆಯುವುದು, ಇದೇ ಅವರ ಜೀವನ. ಬೆಳಗಿನ ಜಾವದಲ್ಲಿ ಮನೆಗೆಲಸಕ್ಕೆ ಮುಂಚೆ ತಾಯಿ ಮಗಳಿಗೆ ಪಾಠ ಹೇಳುತ್ತಿದ್ದಳು. ಭಾಗವತದ 18,000 ಶ್ಲೋಕಗಳು ಹುಡುಗಿಯ ಬಾಯಲ್ಲಿ ನಿಂತವೆಂದು ಪ್ರಸಿದ್ಧಿ.

1870ರ ದಶಕದಲ್ಲಿ ದಕ್ಷಿಣ ದೇಶವನ್ನು ಕ್ಷಾಮ ಹಿಡಿಯಿತು. ಬೇಡಿ ಗೊತ್ತಿಲ್ಲದ, ಕೂಲಿ ಮಾಡಿ ಗೊತ್ತಿಲ್ಲದ ಆ ಪಂಡಿತ ಕುಟುಂಬ ಕೈಯಲ್ಲಿದ್ದುದನ್ನೆಲ್ಲ ಮಾರಿ, ದೇವತೆಗಳಿಗೆ ಹರಕೆ ಹೊತ್ತು, ಕೊನೆಗೆ ಎಲೆ ತಿಂದು ದಿನ ನೂಕಿತು. ಮೊದಲು ತಂದೆ, ಆಮೇಲೆ ತಾಯಿ, ಆಮೇಲೆ ಅಕ್ಕ, ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವಕ್ಕೆ ಹೆಗಲು ಕೊಡಲು ನಾಲ್ವರು ಸಿಕ್ಕಲಿಲ್ಲ. ಮರುಕಗೊಂಡ ಇಬ್ಬರು ಬ್ರಾಹ್ಮಣರು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾಬಾಯಿ. ಗಿಡ್ಡ ಮೈಕಟ್ಟಿನ ಹುಡುಗಿ. ಹೆಗಲಿಗೆ ಚಟ್ಟ ನಿಲುಕದ್ದರಿಂದ ತಲೆಯ ಮೇಲೆ ಹೊತ್ತಳು. ಕರೆದ ದೇವರು ಓಗೊಡಲಿಲ್ಲವಲ್ಲ ಎಂಬ ಪ್ರಶ್ನೆ ಅಲ್ಲಿಂದಲೇ ಆಕೆಯ ಎದೆಯಲ್ಲಿ ಉಳಿಯಿತು. ಆಕೆಯ ಮುಂದಿನ ಹುಡುಕಾಟದ ಬೀಜ ಪುಸ್ತಕದಿಂದ ಬಂದುದಲ್ಲ, ಈ ದುಃಖದಿಂದ ಬಂದುದು ಎಂಬುದನ್ನು ನಾವು ಮರೆಯಬಾರದು.

ಅಣ್ಣ ತಂಗಿ ಇಬ್ಬರೂ ಕಾಲ್ನಡಿಗೆಯಲ್ಲಿಯೇ ಭರತಖಂಡವನ್ನು ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ, ಬೆರಗಾಗಿ, ಇಪ್ಪತ್ತು ವರ್ಷದ ಈ ತರುಣಿಗೆ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು. ಕ್ರೈಸ್ತರ ಪ್ರಾರ್ಥನೆಯನ್ನು ಆಕೆ ಮೊದಲು ಕಂಡುದು ಆ ನಗರದಲ್ಲಿಯೇ. ಅವರೆಲ್ಲ ತಮ್ಮ ತಮ್ಮ ಕುರ್ಚಿಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಗಳನ್ನು ಪೂಜಿಸುತ್ತಿರಬೇಕೆಂದು ಅಣ್ಣತಂಗಿಯರು ಎಣಿಸಿದರಂತೆ. ಸಂಸ್ಕೃತಕ್ಕೆ ಅನುವಾದವಾದ ಬೈಬಲ್ಲನ್ನೂ ಯಾರೋ ಕೊಟ್ಟರು. ಅದರ ಶೈಲಿ ತಾನು ಬಲ್ಲ ಸಂಸ್ಕೃತದಂತಿಲ್ಲವೆಂದು ಆಕೆ ಅದನ್ನು ಬದಿಗಿಟ್ಟರು. ಪಾಂಡಿತ್ಯಕ್ಕೆ ಇದೊಂದು ತೊಡಕು. ಮಾತಿನ ಮೈಯನ್ನು ನೋಡುತ್ತ ಕುಳಿತವರಿಗೆ ಅದರ ಜೀವ ಕಣ್ಣಿಗೆ ಬೀಳುವುದು ತಡ.

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾ ತಗುಲಿ ಸತ್ತರು. ಅಸ್ಸಾಮಿನ ಸಿಲ್ಚಾರಿನಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಆಕೆಗೆ ಸಿಕ್ಕಿತ್ತು. ಈ ಸಲ ಭಾಷೆಯ ಗೊಡವೆಯಿಲ್ಲದೆ ಅದನ್ನು ಓದಿದರು, ಮನಸ್ಸು ಒಲಿಯಿತು. ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ವಿದ್ಯಾಭ್ಯಾಸದ ಹಂಟರ್ ಆಯೋಗದ ಮುಂದೆ ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ಹೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು.

ಆ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹಮ್‌ನಲ್ಲಿ ದಾರಿ ತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯವನ್ನು ನಡೆಸುತ್ತಿದ್ದರು. ಸಮಾಜ ಹೊರಗೆ ನೂಕಿದವರನ್ನು ಇವರು ಒಳಗೆ ಕರೆದು ಉಪಚರಿಸುವುದೇಕೆಂದು ಆಕೆ ಕೇಳಿದರು. ಉತ್ತರವಾಗಿ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಅವರು ಓದಿ ಹೇಳಿದರು. ಪತಿತೆಗೂ ಏಳುವ ದಾರಿಯುಂಟೆಂದು ಹೇಳುವ ಈ ಗುರು ತನಗೆ ಬೇಕಾದವನೆಂದು ಆಕೆಗೆ ತೋರಿತು. 1883ನೆಯ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಕೆಲವರಿಗೆ ಇದು ಜಯದ ಕಥೆ, ಕೆಲವರಿಗೆ ನಷ್ಟದ ಕಥೆ. ಆದರೆ ರಮಾಬಾಯಿಯವರ ಅಂತರಂಗದ ದಾರಿ ಆಗಿನ್ನೂ ಅರ್ಧದಲ್ಲಿತ್ತು.

ಇಂಗ್ಲೆಂಡಿನಲ್ಲಿದ್ದಾಗ ಸೋದರಿ ಜೆರಾಲ್ಡಿನ್ ಎಂಬ ಸನ್ಯಾಸಿನಿಗೆ ಆಕೆ ಬರೆದ ಕಾಗದಗಳು ಉಳಿದಿವೆ. ಅವುಗಳಲ್ಲಿ ಕಾಣುವವಳು ತಲೆಬಾಗಿದ ಶಿಷ್ಯೆಯಲ್ಲ, ಉಡುಪಿಯ ಸಭೆಯಲ್ಲಿ ವಾದಿಸಿದ ಅನಂತಶಾಸ್ತ್ರಿಗಳ ಮಗಳು. ತ್ರೈಕತ್ವದ ಸಿದ್ಧಾಂತ ಒಪ್ಪುವಂತಿಲ್ಲವೆಂದು ತರ್ಕಿಸುತ್ತಾರೆ. ಒಂದು ಪುರೋಹಿತವರ್ಗದ ನೊಗವನ್ನು ಕಷ್ಟಪಟ್ಟು ಕಳಚಿಕೊಂಡವಳು ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂಬ ಭಾವವನ್ನು ಖಂಡಿತವಾಗಿ ತಿಳಿಸುತ್ತಾರೆ. ಕೊರಳಲ್ಲಿ ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗಬಾರದು ಎಂದು ಕೇಳುತ್ತಾರೆ. ಮಾಂಸಾಹಾರವನ್ನು ಆಕೆ ಮುಟ್ಟಲಿಲ್ಲ, ಸೀರೆಯನ್ನು ಬಿಡಲಿಲ್ಲ. ಬುದ್ಧಿಗೆ ಒಪ್ಪಿದ್ದನ್ನು ಹಿಡಿದರು, ಒಪ್ಪದ್ದನ್ನು ಬಿಟ್ಟರು.

1886ರಲ್ಲಿ ಅಮೆರಿಕಕ್ಕೆ ಹೋದರು. ಉಚ್ಚಜಾತಿಯ ಹಿಂದೂ ಸ್ತ್ರೀಯರ ಪಾಡನ್ನು ಕುರಿತು ಆಕೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಅಲ್ಲಿ ಹೊರಬಂತು. ಅದೇ ವರ್ಷ ಬಾಸ್ಟನ್ನಿನಲ್ಲಿ ಆಕೆಯ ಹೆಸರಿನ ಸಹಾಯಕ ಸಂಘವೂ ಹುಟ್ಟಿತು. ಆ ನೆರವಿನಿಂದ 1889ನೆಯ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಬಾಲವಿಧವೆಯರಿಗಾಗಿ ‘ಶಾರದಾ ಸದನ’ ತೆರೆಯಿತು. ಮರುವರ್ಷ ಪುಣೆಗೆ ಸ್ಥಳ ಬದಲಾಯಿಸಿತು. ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬ ಮಾತಿನ ಮೇಲೆ ರಾನಡೆ, ಭಂಡಾರಕರ್ ಮೊದಲಾದ ಹಿರಿಯರು ಸಲಹೆಗಾರರಾಗಿದ್ದರು. ಕೀರ್ತಿ ಬಂತು, ಕೆಲಸ ಕೈತುಂಬ ಇತ್ತು.

ಹೊರಗೆ ಹೀಗೆ ಎಲ್ಲವೂ ಫಲಿಸುತ್ತಿದ್ದಾಗಲೇ ಒಳಗೆ ಬರ ಬಿದ್ದಿತ್ತು. 1907ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಆಕೆ ಇದನ್ನು ಬಿಚ್ಚಿ ಹೇಳಿದ್ದಾರೆ. ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, ಅಂದರೆ 1891ರ ಸುಮಾರಿಗೆ, ಆಕೆಗೆ ಒಂದು ಸತ್ಯ ಹೊಳೆಯಿತು. ಕ್ರೈಸ್ತಮತ ತನಗೆ ದೊರಕಿದೆ. ಆ ಮತದ ಜೀವವಾದ ಕ್ರಿಸ್ತನು ದೊರಕಿಲ್ಲ. ಆ ಸಮಯದಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಚರಿತ್ರೆ ಆಕೆಯ ಕೈಗೆ ಬಂತು. ಈ ಹ್ಯಾಸ್ಲಮ್ ಅನೇಕ ವರ್ಷ ಪೌರೋಹಿತ್ಯ ನಡೆಸಿದವನು. 1851ರಲ್ಲಿ ಒಂದು ಭಾನುವಾರ ಕಾರ್ನ್‌ವಾಲ್ ಪ್ರಾಂತದ ತನ್ನ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದಾಗ, ತನ್ನ ಮಾತು ತನಗೇ ನಾಟಿ ಮನಸ್ಸು ತಿರುಗಿದವನು. ಊರಿಗೆ ಉಪದೇಶ ಹೇಳುವವನಿಗೇ ಉಪದೇಶ ಬೇಕಾಗಿತ್ತು! ವಿದ್ಯೆ, ಬಿರುದು, ಸೇವೆ ಎಲ್ಲವೂ ಇದ್ದ ಪಂಡಿತೆ ಆ ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡರು.

ಆಕೆ ಆಗ ಮಾಡಿದ್ದೇನು? ಹೊಸ ಪಂಗಡವನ್ನು ಸೇರಲಿಲ್ಲ, ಹೊಸ ಸಿದ್ಧಾಂತವನ್ನು ಕಟ್ಟಲಿಲ್ಲ. ಬೈಬಲ್ಲನ್ನು ಮತ್ತೆ ಮೊದಲಿನಿಂದ, ಈ ಸಲ ವಾದಕ್ಕಲ್ಲದೆ ಬಾಳಿಗಾಗಿ ಓದಿದರು. ಪುಸ್ತಕಗಳ ಮೂಲಕ ಕ್ರಿಸ್ತನನ್ನು ಅರಿಯುವ ಬದಲು ನೇರವಾಗಿ ಅವನ ಮುಂದೆ ನಿಂತು ಬೇಡಿಕೊಳ್ಳತೊಡಗಿದರು. ತನ್ನ ಯೋಗ್ಯತೆಯ ಲೆಕ್ಕವನ್ನು ಬಿಟ್ಟು, ಕೊಡುವವನ ಕೃಪೆಯನ್ನು ನಂಬಿದರು. ಹಸಿದ ಭಿಕ್ಷುಕನಿಗೆ ಔತಣ ಸಿಕ್ಕಂತೆ, ಕುರುಡನಿಗೆ ಕಣ್ಣು ಬಂದಂತೆ ಆಯಿತೆಂಬುದು ಆಕೆಯ ಅನುಭವದ ಸಾರ. ನಮ್ಮ ದಾಸರೂ ಶರಣರೂ ತಮ್ಮ ತಮ್ಮ ದೈವದ ಮುಂದೆ ಇದೇ ಬಗೆಯ ಬರಿಗೈಯಿಂದ ನಿಂತವರು. ಅವರ ಹಾಡುಗಳನ್ನು ಕೇಳಿ ಬೆಳೆದ ನಮಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಒಳಗಿನ ಈ ಬದಲಾವಣೆ ಹೊರಗೆ ಕಷ್ಟವನ್ನೂ ತಂದಿತು. ತನ್ನ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಆಕೆ ಪ್ರಾರ್ಥಿಸುತ್ತಿದ್ದರು. ಹುಡುಗಿಯರಲ್ಲಿ ಕೆಲವರು ತಾವಾಗಿ ಬಂದು ಕೂಡುತ್ತಿದ್ದರು. ತಿಲಕರ ‘ಕೇಸರಿ’ ಪತ್ರಿಕೆ ಇದನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಂಡಾರಕರರೂ ಸಲಹಾಮಂಡಳಿಯಿಂದ ಹೊರಬಿದ್ದರು. ಅನೇಕ ತಂದೆತಾಯಿಗಳು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು. ಇಲ್ಲಿ ಎರಡು ಪಕ್ಷಗಳಿಗೂ ನ್ಯಾಯ ಸಲ್ಲಬೇಕು. ಕೊಟ್ಟ ಮಾತಿನ ಮೇಲೆ ನಂಬಿಕೆಯಿಟ್ಟು ಮಕ್ಕಳನ್ನು ಕಳುಹಿದವರ ಅಳಲು ಹುಸಿಯಲ್ಲ. ತನ್ನ ಮನೆಯಲ್ಲಿ ತಾನು ಬಾಗಿಲು ಮುಚ್ಚಿಕೊಂಡು ದೇವರನ್ನು ಕರೆಯಲಾರೆನೆಂದ ಆಕೆಯ ಹಟವೂ ಕಪಟವಲ್ಲ. ಅದೇ ವರ್ಷ ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯವರನ್ನು ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಮುಂದೆ ಕರ್ವೆಯವರು ಸ್ತ್ರೀಶಿಕ್ಷಣಕ್ಕಾಗಿ ಮಾಡಿದ ಮಹಾಕಾರ್ಯ ನಮಗೆಲ್ಲ ತಿಳಿದದ್ದೇ. ಶಾರದಾ ಸದನದ ದೀಪ ಎರಡೂ ದಿಕ್ಕಿಗೆ ಬೆಳಕು ಕೊಟ್ಟಿತೆಂದು ಹೇಳಬಹುದು.

ಅಂತರಂಗ ಹೊಸದಾಯಿತೆಂಬುದಕ್ಕೆ ಸಾಕ್ಷಿ ಯಾವುದು? 1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಂದಾಗ ಅದು ತಿಳಿಯಿತು. ಕ್ಷಾಮವೆಂಬ ಹೆಸರು ಕೇಳಿದೊಡನೆ ಆಕೆಗೆ ತಂದೆತಾಯಿಗಳ ಸಾವು ನೆನಪಾಯಿತು. ತಾನೇ ಅಲ್ಲಿಗೆ ಹೋಗಿ, ಎಲುಬುಗೂಡಾಗಿದ್ದ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಹೀಗೆ ಬಂದವರು ಸುಮಾರು 300 ಮಂದಿ. ಶಾರದಾ ಸದನ ಉಚ್ಚಜಾತಿಯ ವಿಧವೆಯರಿಗೆಂದು ತೆರೆದುದು. ಈಗ ಬಂದವರ ಜಾತಿಯನ್ನು ಕೇಳುವವರೇ ಇಲ್ಲ. ಪುಣೆಯಿಂದ ಆಚೆ ಕೇಡಗಾಂವಿನಲ್ಲಿ ಕೊಂಡಿದ್ದ ಹೊಲದಲ್ಲಿ ‘ಮುಕ್ತಿ ಸದನ’ ಎದ್ದಿತು. 1900ರ ಕ್ಷಾಮದಲ್ಲಿ ಗುಜರಾತಿನ ಕಡೆಯಿಂದಲೂ ಹೆಂಗಸರು ಬಂದು, ಅಲ್ಲಿದ್ದವರ ಸಂಖ್ಯೆ 2,000ದ ಹತ್ತಿರಕ್ಕೆ ಮುಟ್ಟಿತು. ಬೇಸಾಯ, ನೇಯ್ಗೆ, ಎಣ್ಣೆ ತೆಗೆಯುವುದು, ಹೈನು, ಅಚ್ಚುಕೂಟ, ಹೀಗೆ ಕೈಕೆಲಸಗಳನ್ನು ಹೆಂಗಸರೇ ಕಲಿತು ನಡೆಸಿದರು. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮಗಳು ಮನೋರಮಾ ಕಲಿಸಿದರು. ದಾರಿ ತಪ್ಪಿದವರಿಗಾಗಿ ‘ಕೃಪಾ ಸದನ’ ಎಂಬ ಬೇರೊಂದು ಮನೆಯಾಯಿತು. ಫುಲ್‌ಹಮ್‌ನಲ್ಲಿ ಕೇಳಿದ ಪ್ರಶ್ನೆಗೆ ಆಕೆ ತಮ್ಮ ನಾಡಿನಲ್ಲಿ ಕೊಟ್ಟ ಉತ್ತರ ಇದು.

ಹೊಟ್ಟೆಗೆ ಬಟ್ಟೆಗೆ ಕೊಟ್ಟರೆ ಸಾಲದು, ಇವರೆಲ್ಲರ ಒಳಬಾಳೂ ಹೊಸದಾಗಬೇಕೆಂಬುದು ಆಕೆಯ ಹಂಬಲ. ವೇಲ್ಸ್ ದೇಶದಲ್ಲಿ 1904ರಲ್ಲಿ ಎದ್ದ ಭಕ್ತಿಯ ಉಬ್ಬರದ ಸುದ್ದಿ ಇಲ್ಲಿಗೂ ಬಂದಿತ್ತು. 1905ರ ಜನವರಿಯಲ್ಲಿ, ಪ್ರತಿದಿನ ಬೆಳಿಗ್ಗೆ ತಮ್ಮೊಡನೆ ಪ್ರಾರ್ಥನೆಗೆ ಬರಬಯಸುವವರು ಬರಬಹುದೆಂದು ಆಕೆ ತಿಳಿಸಿದರು. ಎಪ್ಪತ್ತು ಮಂದಿ ಬಂದರು. ಜೂನ್ ಹೊತ್ತಿಗೆ ಸಂಖ್ಯೆ ಐನೂರನ್ನು ಮೀರಿತು. ಆ ತಿಂಗಳ ಕೊನೆಯಲ್ಲಿ ಒಂದು ದಿನ ಆಕೆ ಯೋಹಾನನ ಸುವಾರ್ತೆಯ ಪಾಠ ಹೇಳುತ್ತಿದ್ದಾಗ ಹುಡುಗಿಯರೆಲ್ಲ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಅಳು, ತಪ್ಪೊಪ್ಪಿಗೆ, ಆಮೇಲೆ ಹಾಡು, ಸಂತೋಷ, ಪಾಠಪ್ರವಚನಗಳು ನಿಂತುಹೋದವು. ಈ ಗದ್ದಲ ಕೆಲವು ಪಾಶ್ಚಾತ್ಯ ಮಿತ್ರರಿಗೆ ಹಿಡಿಸಲಿಲ್ಲ. ಭಾರತೀಯರು ತಮಗೆ ಸಹಜವಾದ ರೀತಿಯಲ್ಲಿ ದೇವರನ್ನು ಕರೆಯಲಿ, ಅದನ್ನು ಅಡಗಿಸಬಾರದು ಎಂಬುದು ರಮಾಬಾಯಿಯವರ ನಿಲುವು. ಭಜನೆಯಲ್ಲಿ ಮೈಮರೆತವರನ್ನು ಕಂಡಿದ್ದ ಪುರಾಣಿಕರ ಮಗಳಿಗೆ ಇದು ವಿಚಿತ್ರವೆನಿಸದಿದ್ದುದು ಸಹಜವೇ. ಆಗ ಅಲ್ಲಿದ್ದ ಮಿನ್ನಿ ಏಬ್ರಮ್ಸ್ ಎಂಬ ಅಮೆರಿಕದ ಮಹಿಳೆ ಇದನ್ನು ಕುರಿತು ಬರೆದ ಚಿಕ್ಕ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೂ ಹೋಗಿ ಅಲ್ಲಿಯವರನ್ನು ಪ್ರೇರಿಸಿತು.

ಆವೇಶ ಇಳಿದ ಮೇಲೆ ಉಳಿಯುವುದು ಏನು ಎಂಬುದೇ ಇಂಥ ಘಟನೆಗಳ ಒರೆಗಲ್ಲು. ರಮಾಬಾಯಿಯವರ ಬಾಳಿನಲ್ಲಿ ಉಳಿದುದು ದುಡಿಮೆ. ಹೀಬ್ರೂ, ಗ್ರೀಕ್ ಭಾಷೆಗಳನ್ನು ನಡುವಯಸ್ಸು ಮೀರಿದ ಮೇಲೆ ಕಲಿತು, ಆಕೆ ಇಡೀ ಬೈಬಲ್ಲನ್ನು ಮರಾಠಿಗೆ ತಂದರು. ಒಂದು ಕಾಲದಲ್ಲಿ ಸಂಸ್ಕೃತದ ಶೈಲಿ ಸಾಲದೆಂದು ಅದೇ ಗ್ರಂಥವನ್ನು ಬದಿಗಿಟ್ಟವರು ಈಗ, ಓದುಬರಹ ಹೊಸತಾಗಿ ಕಲಿತ ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ನುಡಿಗಾಗಿ ಒಂದೊಂದು ಮಾತನ್ನೂ ತೂಗಿನೋಡಿದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿ ಸದನದ ಹೆಂಗಸರು. 1912ರ ಸುಮಾರಿಗೆ ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನೂ ತೆರೆದರು. ಗಂಗಾಮೂಲದಿಂದ ಹೊರಟ ಯಾತ್ರೆ ಹೀಗೆ ಮತ್ತೊಮ್ಮೆ ಕನ್ನಡ ಸೀಮೆಯನ್ನು ಮುಟ್ಟಿತು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡರು. ತಾಯಿ ಅನುವಾದದ ಕೊನೆಯ ಕರಡನ್ನು ತಿದ್ದಿ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಆಕೆ ಕಟ್ಟಿದ ಸಂಸ್ಥೆ ಕೇಡಗಾಂವಿನಲ್ಲಿ ಇಂದಿಗೂ ನಡೆಯುತ್ತಿದೆ. 1989ರಲ್ಲಿ ಭಾರತ ಸರ್ಕಾರ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ಮತವನ್ನು ಬದಲಾಯಿಸುವುದು ಒಂದು ದಿನದ ಕೆಲಸ. ಅದಕ್ಕೆ ತಾರೀಖು ಹೇಳಬಹುದು. ಮನಸ್ಸು ಹೊಸದಾಗುವುದು ಬೇರೆ. ದೀಕ್ಷೆಯಾದ ದಿನವನ್ನೇ ತನ್ನ ಎರಡನೆಯ ಹುಟ್ಟೆಂದು ರಮಾಬಾಯಿಯವರು ಹೇಳಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಆ ಎಂಟು ವರ್ಷ ತನಗೆ ಜೀವ ಸಿಕ್ಕಿರಲಿಲ್ಲವೆಂದು ಆಕೆ ಲೋಕದ ಮುಂದೆ ಬರೆದರು. ಅಂಥ ಸತ್ಯವನ್ನು ತನಗೆ ತಾನೇ ಹೇಳಿಕೊಳ್ಳುವ ಧೈರ್ಯವೇ ಹೊಸ ಬಾಳಿನ ಮೊದಲ ಮೆಟ್ಟಿಲು. ಎರಡನೆಯದು, ಗಳಿಸಿದ್ದನ್ನು ಕೆಳಗಿಟ್ಟು ಬರಿಗೈಯಲ್ಲಿ ನಿಲ್ಲುವುದು. ಮೂರನೆಯದು, ದೊರೆತದ್ದನ್ನು ಹಸಿದವರ ಮನೆಬಾಗಿಲಿಗೆ ಹೊತ್ತುಕೊಂಡು ಹೋಗುವುದು.

ಕ್ರೈಸ್ತರಾದ ಓದುಗರಿಗೆ ಈ ಹಾದಿ ಅವರ ಧರ್ಮದ ಹೃದಯವೇ ಆಗಿದೆ. ಬೇರೆ ಮತಗಳ ನಾವು ನಮ್ಮ ನಮ್ಮ ಹಾದಿಯಲ್ಲಿಯೇ ಇದ್ದುಕೊಂಡು ಈ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಮೊಟ್ಟೆಯೊಳಗೆ ಎಷ್ಟು ಬೆಚ್ಚಗಿದ್ದರೂ ಹಕ್ಕಿಗೆ ಅದೇ ಮನೆಯಲ್ಲ. ಚಿಪ್ಪನ್ನು ಒಳಗಿನಿಂದ ಒಡೆಯಬೇಕಾದುದು ಮರಿಯೇ. ಕಾವು ಕೊಡುವುದು ಮಾತ್ರ ತಾಯಿ. ನಿಘಂಟುಕಾರನು ಹಕ್ಕಿಯನ್ನು ದ್ವಿಜನೆಂದುದು ಇದನ್ನು ನೋಡಿಯೇ.